ಒಂದು ‘ಜ’ ಹಿಂದೆ ಐದು ಅಕ್ಷರ: ನನ್ನ ಅರಬ್ಬಿ ಟಿಪ್ಪಣಿ

ನಾನು ಶಿರಾದಲ್ಲಿ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡಿಕೊಡುವವನು. ಮಗಳ ಸಂಸಾರ ಮಸ್ಕತ್‌ನಲ್ಲಿ ಇರುವುದರಿಂದ ನಾಲ್ಕು ತಿಂಗಳಿನಿಂದ ಸಂಜೆ ಅರಬ್ಬಿ ಪಾಠಕ್ಕೆ ಹೋಗುತ್ತಿದ್ದೇನೆ. ಲಿಪಿಯ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದು ಕೈ ಪಳಗಿದರೆ ಬರುತ್ತದೆ. ‘ಇದು ಪುಸ್ತಕ’ ಎನ್ನಲು ‘ಹಾಧಾ ಕಿತಾಬ್’ ಸಾಕು, ಮತ್ತೊಂದು ಕ್ರಿಯಾಪದ ಬೇಡ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಸೋತದ್ದು ಪದಗಳಲ್ಲಿ. ರಾತ್ರಿ ಇಪ್ಪತ್ತು ಪದ ಬಾಯಿಪಾಠ ಮಾಡಿದರೆ ಬೆಳಿಗ್ಗೆಗೆ ಐದು ಉಳಿಯುತ್ತಿದ್ದವು. ಒಂದು ದಿನ ಪಾಠ ಹೇಳುವ ಹಜರತ್ ಅವರನ್ನು, ರಂಜಾನ್ ಅನ್ನು ಕೆಲವರು ರಮದಾನ್ ಎನ್ನುವುದೇಕೆ ಎಂದು ಕೇಳಿದೆ. ‘ಅಲ್ಲಿರುವುದು ದಾದ್ ಎಂಬ ಅಕ್ಷರ. ಪಾರಸಿಯವರ ಬಾಯಲ್ಲಿ ಅದು ಜ಼ (ಇಂಗ್ಲಿಷಿನ z) ಆಯಿತು, ನಮ್ಮಲ್ಲಿಗೆ ಬಂದು ಜ ಆಯಿತು. ನೀವು ದಿನವೂ ಬರೆಯುವ ಅರ್ಜಿಯಲ್ಲೂ ಅದೇ ಇದೆಯಲ್ಲ’ ಎಂದರು.

ಅಂದು ಮನೆಗೆ ಬಂದವನೇ ನನ್ನ ಮೇಜಿನ ಮೇಲಿನ ಪದಗಳನ್ನೆಲ್ಲ ಬಿಚ್ಚಿದೆ. ಅರ್ಜಿ ಎಂದರೆ ‘ಅರ್ದ್’, ಮುಂದಿಡುವುದು. ಜಾಮೀನು ‘ದಾಮಿನ್’, ಹೊಣೆ ನಿಲ್ಲುವವನು. ಜಪ್ತಿ ‘ದಬ್ತ್’, ಬಿಗಿಯಾಗಿ ಹಿಡಿಯುವುದು. ರಾಜಿ ‘ರಾದೀ’, ಒಪ್ಪಿದವನು. ಸಾಹೇಬರ ಮರ್ಜಿಯೂ ಅದೇ ಧಾತುವಿನದು. ಹಾಜರು, ಹುಜೂರು, ಮಹಜರು ಮೂರೂ ‘ಹ-ದ-ರ’ ಎಂಬ ಒಂದೇ ಧಾತುವಿನ ಮಕ್ಕಳು, ಎದುರಿಗೆ ಇರುವುದು ಎಂಬ ಅರ್ಥ. ಹಜರತ್ ಎಂಬ ಗೌರವದ ಮಾತೂ ಅದೇ ಮನೆಯದು. ಜಿಲ್ಲೆಯ ಮೂಲವಾದ ‘ದಿಲ್ಅ್’ ಎಂದರೆ ಪಕ್ಕೆಲುಬು, ಪಕ್ಕ. ತುಮಕೂರು ಜಿಲ್ಲೆ ಎಂದು ಟೈಪು ಮಾಡುವಾಗಲೆಲ್ಲ ಈಗ ಕೈ ಪಕ್ಕೆಗೆ ಹೋಗುತ್ತದೆ. 1687ರಲ್ಲಿ ಮೊಗಲರು ನಮ್ಮ ಶಿರಾವನ್ನು ಒಂದು ಸುಬಾದ, ಎಂದರೆ ಪ್ರಾಂತ್ಯದ, ಕೇಂದ್ರ ಮಾಡಿಕೊಂಡಿದ್ದರು, ಅವರ ದಫ್ತರದ ಭಾಷೆ ಪಾರಸಿ. ಕಚೇರಿಯ ಮಾತುಗಳಲ್ಲಿ ಇಷ್ಟೊಂದು ಅರಬ್ಬಿ ಇರುವುದು ಪಾರಸಿಯ ಬೆನ್ನೇರಿ ಬಂದದ್ದರಿಂದ.

ಇನ್ನು ನಾನು ಮುಗ್ಗರಿಸಿದ ಜಾಗ. ಕೀಲಿಕೈ ಸಿಕ್ಕಿತೆಂದು ಕಂಡ ಕಂಡ ‘ಜ’ವನ್ನೆಲ್ಲ ‘ದ’ ಮಾಡಿದೆ. ಜವಾಬಿಗೆ ‘ದವಾಬ್’ ಎಂದೆ, ತರಗತಿ ನಕ್ಕಿತು. ಅದು ‘ಜವಾಬ್’ ಎಂದೇ ಇದೆ, ಅಲ್ಲಿರುವುದು ಜೀಮ್. ಕನ್ನಡದ ಒಂದು ಜ ಹಿಂದೆ ಅರಬ್ಬಿಯ ಐದು ಅಕ್ಷರಗಳು ಅಡಗಿವೆ: ಜವಾಬಿನಲ್ಲಿ ಜೀಮ್, ಜಾಸ್ತಿಯಲ್ಲಿ ಜ಼ಾಯ್, ಅರ್ಜಿಯಲ್ಲಿ ದಾದ್, ಮಂಜೂರಿನಲ್ಲಿ ಜ಼ಾ, ಅಜಾನ್‌ನಲ್ಲಿ ಧಾಲ್. ಕನ್ನಡದ ಕಿವಿಯಿಂದ ಇವನ್ನು ಬೇರ್ಪಡಿಸಲು ಆಗುವುದೇ ಇಲ್ಲ. ಆದ್ದರಿಂದ ಒಂಟಿ ಪದವನ್ನು ಕಲಿಯಬೇಡಿ, ಅದರ ಮನೆಯವರನ್ನೂ ಜೊತೆಗೆ ಕೂರಿಸಿ. ನಜರು ಎಂದರೆ ನೋಟ, ಕೋರ್ಟಿನ ನಾಜರ್ ಎಂದರೆ ನೋಡುವವನು, ಮಂಜೂರು ಎಂದರೆ ನೋಡಲ್ಪಟ್ಟದ್ದು. ಸಾಹೇಬರು ನೋಡಿದರೆ ಮಂಜೂರಾಯಿತು! ಧಾತುವಿನ ಮೊದಲ ಅಕ್ಷರದ ನಂತರ ‘ಆ’ ಬಂದರೆ ಮಾಡುವವನು, ಮೊದಲಿಗೆ ‘ಮ’ ಬಂದು ಕೊನೆಯ ಅಕ್ಷರಕ್ಕೆ ಮುಂಚೆ ‘ಊ’ ಬಂದರೆ ಮಾಡಲ್ಪಟ್ಟದ್ದು: ಕಾತಿಬ್ ಬರೆಯುವವನು, ಮಕ್ತೂಬ್ ಬರೆಯಲ್ಪಟ್ಟದ್ದು. ಒಂದು ಚೀಟಿಗೆ ಒಂದು ಮನೆ. ಮರುದಿನ, ಮೂರನೆಯ ದಿನ, ಏಳನೆಯ ದಿನ ತಿರುವಿ ನೋಡುತ್ತೇನೆ.

ಅರ್ಥ ಮಾತ್ರ ಕೈಕೊಡುತ್ತದೆ, ಎಚ್ಚರ. ಅರಬ್ಬಿಯಲ್ಲಿ ‘ಗರೀಬ್’ ಬಡವನಲ್ಲ, ಅಪರಿಚಿತ. ನಮ್ಮ ಸವಾಲಿನ ಮೂಲವಾದ ‘ಸುಆಲ್’ ಬರಿಯ ಪ್ರಶ್ನೆ, ಅದರಲ್ಲಿ ತೊಡೆ ತಟ್ಟುವುದೇನೂ ಇಲ್ಲ. ‘ತಕ್ರಾರ್’ ಎಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಇಷ್ಟು ವರ್ಷ ತಕರಾರು ಅರ್ಜಿ ಟೈಪು ಮಾಡಿದ ಮೇಲೆ ಎರಡು ಅರ್ಥಗಳೂ ತೀರ ದೂರವೆಂದು ನನಗೆ ಅನ್ನಿಸುವುದಿಲ್ಲ.

ಮಾತಿಗೆ ಬಂದರೆ ದಾದ್ ನಮ್ಮ ಡ ಅಲ್ಲ. ಡ ಎನ್ನುವಾಗ ನಾಲಿಗೆ ಹಿಂದಕ್ಕೆ ಮಡಿಚುತ್ತದೆ, ಇಲ್ಲಿ ಮಡಿಚಬಾರದು. ತುದಿಯನ್ನು ಮೇಲಿನ ಹಲ್ಲುಗಳ ಬುಡಕ್ಕೆ ಒತ್ತಿ, ನಾಲಿಗೆಯ ಹಿಂಭಾಗವನ್ನು ಎತ್ತಿ ಹೇಳಿ. ಮುಂದಿನ ‘ಅ’ ಕೂಡ ದಪ್ಪವಾಗುತ್ತದೆ. ಇದನ್ನು ಅತಿಯಾಗಿ ರೂಢಿಸಿಕೊಂಡ ನಾನು ಎಲ್ಲ ‘ದ’ಗಳನ್ನೂ ದಪ್ಪ ಮಾಡಿದೆ. ತೆಳು ದ ಇರುವ ‘ದರ್ಬ್’ ದಾರಿ, ದಪ್ಪ ದ ಇರುವ ‘ದರ್ಬ್’ ಹೊಡೆತ. ದಾರಿ ಎಲ್ಲಿದೆ ಎಂದು ಕೇಳಲು ಹೋಗಿ ಹೊಡೆತ ಎಲ್ಲಿದೆ ಎಂದು ಕೇಳಿದೆ. ಕೊಲ್ಲಿಯ ಆಡುಮಾತಿನಲ್ಲಿ ಸಾಮಾನ್ಯವಾಗಿ ದಾದ್ ಮತ್ತು ಜ಼ಾ ಬೆರೆತುಹೋಗುತ್ತವೆ ಎಂಬುದನ್ನು ನೆನಪಿಡಿ. ನಾನು ಬರೆದಿರುವುದು ಪುಸ್ತಕದ ಅರಬ್ಬಿಗೆ.

ಈಗ ಪಾಠದಲ್ಲಿ ಹೆಸರು ಕೂಗಿದಾಗ ‘ಹಾದಿರ್’ ಎನ್ನುತ್ತೇನೆ, ಯಾರೂ ನಗುವುದಿಲ್ಲ. ಅರ್ಜಿಯ ಮೊದಲಿಗೆ ಇರಬೇಕಾದ ‘ಅಯ್ನ್’ ಎಂಬ ಗಂಟಲಕ್ಷರ ಮಾತ್ರ ಇನ್ನೂ ಗಂಟಲಿನಲ್ಲೇ ಸಿಕ್ಕಿಕೊಂಡಿದೆ.