ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42–43 ಡಿಗ್ರಿ ಮುಟ್ಟಿದಾಗ ನಮ್ಮ ಗ್ಯಾರೇಜಿಗೆ ಬರುವ ಬಹಳಷ್ಟು ಕಾರುಗಳ ದೂರು ಒಂದೇ: ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಯಿತು. ಮಾಲೀಕರು ಬಿಸಿಲನ್ನು ಬಯ್ಯುತ್ತಾರೆ. ನಾನು ಮೊದಲು ಕೇಳುವುದು, ರೇಡಿಯೇಟರಿಗೆ, ಅಂದರೆ ಎಂಜಿನ್ನಿನ ಬಿಸಿಯನ್ನು ಗಾಳಿಗೆ ಬಿಡುವ ಜಾಲರಿಗೆ, ಯಾವ ನೀರು ಹಾಕಿದ್ದೀರಿ ಎಂದು.

ಬಿಸಿಲಿನದೂ ಪಾಲಿದೆ, ಇಲ್ಲವೆನ್ನುವುದಿಲ್ಲ. ಓಡುವ ಎಂಜಿನ್ನಿನೊಳಗಿನ ದ್ರವ ಸುಮಾರು 90 ಡಿಗ್ರಿಯಲ್ಲಿರುತ್ತದೆ. ಹೊರಗೆ 25 ಇದ್ದರೆ ನಡುವಿನ ಅಂತರ 65. ಹೊರಗೆ 43 ಇದ್ದರೆ ಬರೀ 47. ಶಾಖ ಹೊರಹೋಗುವುದು ಈ ಅಂತರದ ಬಲದಿಂದ. ಅಂದರೆ ಅದೇ ರೇಡಿಯೇಟರ್ ನಮ್ಮೂರಿನ ಬೇಸಿಗೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಂಡಿರುತ್ತದೆ. ಕಾರು ತಯಾರಿಸುವವರು ಇದನ್ನು ಲೆಕ್ಕ ಹಾಕಿ ಒಂದಿಷ್ಟು ಶಕ್ತಿಯನ್ನು ಹೆಚ್ಚುವರಿಯಾಗಿ ಇಟ್ಟೇ ಇರುತ್ತಾರೆ. ಆ ಉಳಿಕೆಯನ್ನು ತಿಂದು ಹಾಕುವುದು ನಾವು ಸುರಿಯುವ ಬೋರ್‌ವೆಲ್ ನೀರು. ಬಿಸಿಯಾದಂತೆ ಅದರಲ್ಲಿನ ಸುಣ್ಣದ ಅಂಶ ಸಣ್ಣ ಕೊಳವೆಗಳ ಒಳಗೋಡೆಗೆ ಕಟ್ಟಿಕೊಳ್ಳುತ್ತದೆ. ಮನೆಯ ಗೀಸರ್ ಬಿಚ್ಚಿ ನೋಡಿದವರಿಗೆ ವಿವರಿಸಬೇಕಿಲ್ಲ.

“ನಮ್ಮಲ್ಲಿ ಹಿಮ ಬೀಳುತ್ತದೆಯೇ ಉಸ್ತಾದ್, ಕೂಲೆಂಟ್ ಯಾಕೆ?” ಎನ್ನುವವರು ಇನ್ನೂ ಇದ್ದಾರೆ. ಕೂಲೆಂಟ್ ಎಂದರೆ ರೇಡಿಯೇಟರಿನ ನೀರಿಗೆ ಬೆರೆಸುವ ದ್ರವ; ನೀರು ಹೆಪ್ಪುಗಟ್ಟದಂತೆ ಕಾಯುವುದು ಅದರ ಒಂದು ಕೆಲಸ ಮಾತ್ರ. ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿದರೆ ಕುದಿಯುವ ಮಟ್ಟ ಏಳೆಂಟು ಡಿಗ್ರಿ ಮೇಲೇರುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಮುಚ್ಚಳದೊಳಗಿನ ಸ್ಪ್ರಿಂಗು ಒತ್ತಡವನ್ನು ಹಿಡಿದಿಟ್ಟರೆ ಅದೇ ಮಿಶ್ರಣ 125 ಡಿಗ್ರಿ ದಾಟಿದರೂ ಕುದಿಯದು. ಈ ಮುಚ್ಚಳ ಹಳೆಯ ಕಾರುಗಳಲ್ಲಿ ರೇಡಿಯೇಟರ್ ಮೇಲೆ, ಹೊಸವುಗಳಲ್ಲಿ ಹೆಚ್ಚಾಗಿ ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಇರುತ್ತದೆ.

ಕಳೆದ ಬೇಸಿಗೆಯಲ್ಲಿ ಸೇಡಂ ಕಡೆಯ ಟ್ಯಾಕ್ಸಿ ಚಾಲಕರೊಬ್ಬರು ಬಂದಿದ್ದರು. ಬೇರೆಲ್ಲೋ ಹೊಸ ರೇಡಿಯೇಟರ್ ಹಾಕಿಸಿದ್ದರು, ವಾಟರ್ ಪಂಪ್ ಬದಲಿಸಿದ್ದರು. ಆದರೂ ಕುದಿಯುವುದು ನಿಂತಿರಲಿಲ್ಲ. ನೋಡಿದರೆ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು. ಹಳೆಯ ಮುಚ್ಚಳವನ್ನೇ ಹೊಸ ರೇಡಿಯೇಟರಿಗೆ ಹಾಕಿ ಕಳಿಸಿದ್ದರು.

ಇನ್ನೊಂದು ಚಾಳಿ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ದ್ರವವನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ, ಕಿತ್ತೆಸೆಯುವುದು. ನಾನೂ ಕಲಿಯುವ ಕಾಲದಲ್ಲಿ ಮಾಡಿದ್ದೇನೆ, ಈಗ ನಾಚಿಕೆಯಾಗುತ್ತದೆ. ಅದಿಲ್ಲದಿದ್ದರೆ ಎಂಜಿನ್ ತನ್ನ ಹದದ ಬಿಸಿಗೆ ಬರುವುದು ತಡವಾಗಿ ಇಂಧನ ಹೆಚ್ಚು ಸುಡುತ್ತದೆ. ಮೂಲ ರೋಗವಂತೂ ಹಾಗೇ ಉಳಿಯುತ್ತದೆ.

ಎಸಿ ಹಾಕಿದಾಗ ಮಾತ್ರ ಮುಳ್ಳು ಏರುತ್ತದೆಯೇ? ಎಸಿಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತಿರುತ್ತದೆ. ತೊಗರಿ ರಾಶಿಯ ಕಾಲದ ಹೊಟ್ಟು, ಧೂಳು ಎರಡರ ನಡುವಿನ ಸಂದಿಯಲ್ಲಿ ಮೆತ್ತಿಕೊಂಡರೆ ಮುಂದಿನಿಂದ ಕಾಣುವುದೇ ಇಲ್ಲ. ಎಂಜಿನ್ ತಣ್ಣಗಿರುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ರಭಸದಲ್ಲಿ ನೀರು ಬಿಡಬೇಕು. ರಭಸ ಹೆಚ್ಚಾದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಟ್ರಾಫಿಕ್ಕಿನಲ್ಲಿ ನಿಂತಾಗಷ್ಟೇ ಬಿಸಿಯಾದರೆ ಫ್ಯಾನನ್ನೂ ಅದನ್ನು ಚಾಲೂ ಮಾಡುವ ರಿಲೇಯನ್ನೂ ನೋಡಿಸಿ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ. ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಕೂತವರು ಬೆವರುತ್ತಾರೆ, ಎಂಜಿನ್ ಉಸಿರಾಡುತ್ತದೆ. ಅಷ್ಟಕ್ಕೂ ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಆಫ್ ಮಾಡಿ. ಮುಂದಿನ ಊರಿನವರೆಗೆ ಎಂದು ಎಳೆದುಕೊಂಡು ಹೋದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡ್ ಆಗಿ, ಅದರಡಿಯ ಗ್ಯಾಸ್ಕೆಟ್ ಸುಟ್ಟು, ನಿಮ್ಮ ಬಿಲ್ ನೋಡಲು ನನಗೇ ಬೇಸರವಾಗುತ್ತದೆ. ಮುಚ್ಚಳವನ್ನು ಕೂಡಲೇ ತೆಗೆಯಬೇಡಿ, ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ಮೇಲಿನ ಹೋಸ್ ಪೈಪು ಕೈಯಲ್ಲಿ ಹಿಡಿಯುವಷ್ಟು ತಣಿದು ಮೆತ್ತಗಾಗುವವರೆಗೆ ಯಾವುದಾದರೂ ಬೇವಿನ ಮರದಡಿ ಕೂತಿರಿ.