ಕಾಪಿಸ್‌ನ ಎರಡು ಸದ್ದುಗಳು

ಫಿಲಿಪ್ಪೀನ್ಸ್‌ನ ನಡುಭಾಗದ ವಿಸಾಯಸ್ ದ್ವೀಪಗಳಲ್ಲಿ, ಬಿದಿರಿನ ನೆಲವೂ ತಾಳೆಗರಿಯ ಸೂರೂ ಇರುವ ಹಳ್ಳಿಮನೆಗಳಲ್ಲಿ, ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಡುವ ಒಂದು ಲೆಕ್ಕವಿದೆ. ರಾತ್ರಿ ಹೊರಗೆ ‘ಟಿಕ್‌ಟಿಕ್’ ಎಂಬ ಸದ್ದು ಜೋರಾಗಿ ಕೇಳಿಸಿದರೆ ಆಸ್ವಾಂಗ್ ಇನ್ನೂ ದೂರದಲ್ಲಿದೆ ಎಂದು ತಿಳಿಯಬೇಕು. ಸದ್ದು ಸಣ್ಣದಾಗುತ್ತ ಹೋದರೆ ಅದು ಹತ್ತಿರ ಬರುತ್ತಿದೆ ಎಂದು ತಿಳಿಯಬೇಕು. ಆಸ್ವಾಂಗ್ ಹಗಲಿನಲ್ಲಿ ನೆರೆಮನೆಯವರಂತೆಯೇ ಬಾಳುತ್ತ, ಕತ್ತಲಾದ ಮೇಲೆ ರೂಪ ಬದಲಿಸಿ, ಸೂರಿನ ಸಂದಿಯಿಂದ ದಾರದಷ್ಟು ತೆಳುವಾದ ನಾಲಿಗೆಯನ್ನು ಇಳಿಬಿಟ್ಟು ಗರ್ಭಿಣಿಯ ಹೊಟ್ಟೆಯ ಕೂಸನ್ನು ಹೀರುತ್ತದೆ ಎಂಬುದು ನಂಬಿಕೆ.

ದೂರ ಹೆಚ್ಚಿದಂತೆ ಸದ್ದು ಕುಗ್ಗುವುದು ಭೌತಶಾಸ್ತ್ರದ ನಿಯಮ. ಈ ನಂಬಿಕೆ ಆ ನಿಯಮವನ್ನು ತಲೆಕೆಳಗು ಮಾಡಿದೆ, ಮತ್ತು ಅದರಿಂದ ಅದಕ್ಕೆ ದೊರೆತ ಬಲವನ್ನು ನಾವು ಗಂಭೀರವಾಗಿ ಗಮನಿಸಬೇಕು. ಸದ್ದು ಕೇಳಿಸಿದರೆ ಆಸ್ವಾಂಗ್ ಇದೆ; ಕೇಳಿಸದಿದ್ದರೆ ಅದು ಸೂರಿನ ಮೇಲೆಯೇ ಕುಳಿತಿದೆ. ಯಾವ ರಾತ್ರಿಯ ಅನುಭವವೂ ಇದನ್ನು ಸುಳ್ಳೆಂದು ತೋರಿಸಲಾರದು. ಇಂಥ ಹೆಣಿಗೆಯುಳ್ಳ ಮಾತಿಗೆ ಆಯಸ್ಸು ಹೆಚ್ಚು. ಸ್ಪೇನಿನ ಪಾದ್ರಿ ಹುವಾನ್ ದೆ ಪ್ಲಾಸೆನ್ಸಿಯಾ 1589ರಲ್ಲಿ ಮನಿಲಾ ಸುತ್ತಿನ ತಗಾಲೋಗ್ ಜನರ ರೂಢಿಗಳನ್ನು ದಾಖಲಿಸುವಾಗ, ಹಾರಾಡಿ ಮನುಷ್ಯರನ್ನು ಕೊಂದು ತಿನ್ನುವ ‘ಓಸುವಾಂಗ್’ ಒಂದನ್ನು ಹೆಸರಿಸಿ, ಇದು ವಿಸಾಯಸ್ ಕಡೆಯದು, ತಗಾಲೋಗರಲ್ಲಿ ಇಲ್ಲ ಎಂದು ಬರೆದಿದ್ದಾನೆ. ದೆವ್ವ ಯಾವಾಗಲೂ ಪಕ್ಕದ ಸೀಮೆಯದು ಎಂಬ ಧೋರಣೆ ಆಗಲೇ ಇತ್ತು. ಇಂದು ಆ ಪಕ್ಕದ ಸೀಮೆಯ ಹೆಸರು ಕಾಪಿಸ್. ವಿಸಾಯಸ್‌ನ ಪನಾಯ್ ದ್ವೀಪದ ಈ ಪ್ರಾಂತ್ಯ ಮೀನು, ಸಿಗಡಿಗಳಿಗೆ ಹೆಸರಾದದ್ದು. ಫಿಲಿಪ್ಪೀನ್ಸ್‌ನ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ಕೂರಿಸಿರುವ ಅರೆಪಾರದರ್ಶಕ ಚಿಪ್ಪಿಗೂ ಕಾಪಿಸ್ ಎಂದೇ ಹೆಸರು. ಆದರೂ ಹೊರಗಿನವರ ಬಾಯಲ್ಲಿ ಆ ಊರಿನ ಜೊತೆ ಮೊದಲು ಬರುವುದು ಆಸ್ವಾಂಗ್‌ನ ಮಾತು.

ಮಾತು ಎಷ್ಟು ಬೇಗ ಹರಡುತ್ತದೆ ಎಂಬುದಕ್ಕೆ ಅಳತೆಯೊಂದು ಸಿಗುವುದು ಒಂದು ಕ್ರೂರ ಪ್ರಸಂಗದಲ್ಲಿ. 1950ರ ದಶಕದ ಆರಂಭದಲ್ಲಿ ಲೂಜೋನ್ ದ್ವೀಪದಲ್ಲಿ ಕಮ್ಯುನಿಸ್ಟ್ ನಾಯಕತ್ವದ ಹುಕ್ ಬಂಡುಕೋರರ ವಿರುದ್ಧ ಕಾರ್ಯಾಚರಣೆ ನಡೆದಿತ್ತು. ಸರ್ಕಾರದ ಪಡೆಗಳಿಗೆ ಸಲಹೆಗಾರನಾಗಿದ್ದ ಅಮೆರಿಕದ ಅಧಿಕಾರಿ ಎಡ್ವರ್ಡ್ ಲ್ಯಾನ್ಸ್‌ಡೇಲ್ ತನ್ನ ನೆನಪುಗಳಲ್ಲಿ ಬರೆದಿರುವ ಪ್ರಕಾರ, ಬಂಡುಕೋರರು ಬೀಡುಬಿಟ್ಟಿದ್ದ ಗುಡ್ಡದಲ್ಲಿ ಆಸ್ವಾಂಗ್ ಇದೆ ಎಂಬ ಸುದ್ದಿಯನ್ನು ಕೆಳಗಿನ ಊರಿನಲ್ಲಿ ಮೊದಲು ಬಿತ್ತಲಾಯಿತು. ಸುದ್ದಿ ಗುಡ್ಡ ಹತ್ತಲು ಎರಡು ರಾತ್ರಿಗಳ ಬಿಡುವು ಕೊಡಲಾಯಿತು. ಆಮೇಲೆ ಗಸ್ತು ತಂಡದ ಕೊನೆಯವನನ್ನು ಹಿಡಿದು, ಕತ್ತಿನಲ್ಲಿ ಎರಡು ತೂತು ಮಾಡಿ, ರಕ್ತ ಬಸಿದು, ಶವವನ್ನು ದಾರಿಯಲ್ಲಿ ಬಿಡಲಾಯಿತು. ಬೆಳಗಾದ ಮೇಲೆ ಇಡೀ ತಂಡ ಆ ಗುಡ್ಡವನ್ನು ಬಿಟ್ಟುಹೋಯಿತೆಂದು ಅವನು ಬರೆಯುತ್ತಾನೆ. ನನ್ನ ಗಮನವನ್ನು ಹಿಡಿದು ನಿಲ್ಲಿಸುವುದು ಆ ಎರಡು ರಾತ್ರಿಗಳು. ಬಾಯಿಂದ ಬಾಯಿಗೆ ಹೋಗುವ ಮಾತಿಗೆ ನಡಿಗೆಯ ವೇಗವಿತ್ತು, ಮತ್ತು ಆ ವೇಗವನ್ನು ಲೆಕ್ಕ ಹಾಕಿಯೇ ಒಬ್ಬ ಮನುಷ್ಯನನ್ನು ಕೊಲ್ಲಲಾಯಿತು.

ಆ ಎರಡು ರಾತ್ರಿಗಳನ್ನು ಮೊಬೈಲ್ ಫೋನ್ ಕೆಲವು ನಿಮಿಷಗಳಿಗೆ ಇಳಿಸಿದೆ. ಇದರ ಬೆಲೆ ಏನೆಂದು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. 2018ರ ಜುಲೈನಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿಗೆ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವಕನೊಬ್ಬ ಜನರ ಹೊಡೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟ. ದೇಶದ ಹಲವೆಡೆ ಇಂಥ ಕೊಲೆಗಳಾದ ಬಳಿಕ, ಅದೇ ತಿಂಗಳು, ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ ಭಾರತದಲ್ಲಿ ತಂದಿತು. 2019ರ ಜನವರಿಯಲ್ಲಿ ಅದು ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಸೆಪ್ಟೆಂಬರಿನಲ್ಲಿ, ಫಿಲಿಪ್ಪೀನ್ಸ್‌ನ ಮನೆಮನೆಯಲ್ಲೂ ಬಳಕೆಯಲ್ಲಿರುವ ಫೇಸ್‌ಬುಕ್ ಮೆಸೆಂಜರ್‌ಗೂ ಬಂದಿತು. ಇಲ್ಲಿ ಸುರಿದ ರಕ್ತದಿಂದ ಹುಟ್ಟಿದ ತಡೆಯೊಂದು ಅಲ್ಲಿಯ ಫೋನುಗಳಲ್ಲೂ ಕೆಲಸ ಮಾಡುತ್ತಿದೆ. ಆದರೆ ಅದರ ಶಕ್ತಿಗೂ ಮಿತಿಯಿದೆ. ಆಗ ವಾಟ್ಸ್‌ಆ್ಯಪ್‌ನ ಒಂದು ಗುಂಪಿನಲ್ಲಿ 256 ಜನರಿಗೆ ಜಾಗವಿತ್ತು. ಐದು ಗುಂಪೆಂದರೆ 1,280 ಜನ. ಮಿತಿಯು ಮಾತಿನ ವೇಗವನ್ನು ತಗ್ಗಿಸುತ್ತದೆಯೇ ಹೊರತು ಮಾತಿನ ಗುಣವನ್ನು ಪರೀಕ್ಷಿಸುವುದಿಲ್ಲ.

ಹೀಗೆ ಪರೀಕ್ಷೆಯಿಲ್ಲದೆ ದಾಟಿಹೋಗುವ ಮಾತುಗಳಲ್ಲಿ ವಿಜ್ಞಾನದ ಉಡುಪು ತೊಟ್ಟವೂ ಇವೆ. ಆಸ್ವಾಂಗ್ ಬಗ್ಗೆ ಅಂತರ್ಜಾಲದಲ್ಲಿ ಹುಡುಕುವವರಿಗೆ ಬಹು ಬೇಗ ಎದುರಾಗುವ ವಿವರಣೆಯೆಂದರೆ, ಅದು ನಿಜಕ್ಕೂ ಒಂದು ನರರೋಗ, ಕಾಪಿಸ್‌ನ ರೋಗಿಗಳನ್ನು ಕಂಡು ಹೆದರಿದ ಜನ ಆ ಕತೆ ಕಟ್ಟಿದರು ಎಂಬುದು. ರೋಗವಂತೂ ನಿಜ. ಡಾ. ಲಿಲಿಯನ್ ಲೀ ಮತ್ತು ಸಂಗಡಿಗರು ಪನಾಯ್ ದ್ವೀಪದ ರೋಗಿಗಳ ಬಗ್ಗೆ 1976ರಲ್ಲಿ ವರದಿ ಮಾಡಿದರು. ವೈದ್ಯರು ಇದನ್ನು ಎಕ್ಸ್‌ಡಿಪಿ (ಎಕ್ಸ್-ಲಿಂಕ್ಡ್ ಡಿಸ್ಟೋನಿಯಾ ಪಾರ್ಕಿನ್ಸೋನಿಸಂ) ಎಂದು ಕರೆಯುತ್ತಾರೆ. ಊರಿನವರು ಕರೆಯುವುದು ‘ಲುಬಾಗ್’, ಅಂದರೆ ತಿರುಚಿಕೊಳ್ಳುವುದು. ಸರಾಸರಿ ನಲವತ್ತರ ಆಸುಪಾಸಿನ ವಯಸ್ಸಿನಲ್ಲಿ, ದುಡಿದು ಮನೆ ನಡೆಸುತ್ತಿರುವ ಗಂಡಸಿನ ಪಾದವೋ ಕತ್ತೋ ದವಡೆಯೋ ಅವನ ಹಿಡಿತ ತಪ್ಪುತ್ತದೆ. ಬಾಯಿ ತಾನಾಗಿ ತೆರೆದುಕೊಂಡು ನಾಲಿಗೆ ಹೊರಚಾಚುತ್ತದೆ, ಇಟ್ಟ ಅನ್ನದ ತುತ್ತನ್ನು ನಾಲಿಗೆಯೇ ಹೊರದೂಡುತ್ತದೆ. ಕೆಲವು ವರ್ಷಗಳಲ್ಲಿ ಸೆಳೆತ ಮೈಯೆಲ್ಲ ವ್ಯಾಪಿಸಿ, ಬಳಿಕ ಪಾರ್ಕಿನ್ಸನ್ ಕಾಯಿಲೆಯಂತೆ ದೇಹ ಬಿಗಿದುಕೊಂಡು ನಿಧಾನವಾಗುತ್ತದೆ.

ಇದರ ಮೂಲ ಎಕ್ಸ್ ವರ್ಣತಂತುವಿನಲ್ಲಿರುವ ಟಿಎಎಫ್1 ಎಂಬ ಜೀನ್. ಇತರ ಜೀನ್‌ಗಳನ್ನು ಓದುವ ಕೆಲಸ ಶುರುವಾಗಲು ನೆರವಾಗುವ ಪ್ರೋಟೀನೊಂದರ ನಕ್ಷೆ ಅದರಲ್ಲಿದೆ. ನಕಲುಗೊಂಡು ಜೀನೋಮಿನಲ್ಲಿ ಬೇರೆಡೆ ಸೇರಿಕೊಳ್ಳಬಲ್ಲ ಸುಮಾರು 2,600 ಅಕ್ಷರಗಳ ಡಿಎನ್ಎ ತುಣುಕೊಂದು, ಎಷ್ಟೋ ತಲೆಮಾರುಗಳ ಹಿಂದೆ, ಪನಾಯ್‌ನ ಯಾರೋ ಒಬ್ಬರಲ್ಲಿ ಈ ಜೀನಿನ ನಡುವೆ ಹೊಕ್ಕು ಕುಳಿತಿತು. ಇಂದಿನ ರೋಗಿಗಳೆಲ್ಲರಲ್ಲೂ ಇರುವುದು ಅದೇ ತುಣುಕು. ಅದರೊಳಗೆ ಆರು ಅಕ್ಷರಗಳ ಒಂದು ಗುಚ್ಛ ಮತ್ತೆ ಮತ್ತೆ ಬರುತ್ತದೆ. ಅದು ಎಷ್ಟು ಹೆಚ್ಚು ಸಲ ಬಂದಿದೆಯೋ ರೋಗ ಅಷ್ಟು ಎಳೆಯ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಲ್ಲಿ ಎಕ್ಸ್ ವರ್ಣತಂತು ಒಂದೇ ಇರುವುದರಿಂದ ಹೊಡೆತ ನೇರವಾಗಿ ಅವರಿಗೆ ಬೀಳುತ್ತದೆ. ಹೆಂಗಸರು ಬಹುಮಟ್ಟಿಗೆ ವಾಹಕರಾಗಿ ಉಳಿಯುತ್ತಾರೆ, ಅವರ ಪ್ರತಿ ಗಂಡುಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ.

ಈಗ ಆ ವಿವರಣೆಯನ್ನು ಮತ್ತೆ ನೋಡೋಣ. ಕತೆಗಳಲ್ಲಿ ಆಸ್ವಾಂಗ್ ಹೆಚ್ಚಾಗಿ ಹೆಣ್ಣು. ರೋಗ ಕಾಡುವುದು ಬಹುಪಾಲು ಗಂಡಸರನ್ನು. ಕತೆ ವಿಸಾಯಸ್ ದ್ವೀಪಗಳಲ್ಲಷ್ಟೇ ಅಲ್ಲ, ಲೂಜೋನ್ ದ್ವೀಪದ ಬಿಕೋಲ್ ಸೀಮೆಯಲ್ಲೂ ಬೇರೂರಿದೆ. ರೋಗದ ನೆಲೆ ಪನಾಯ್. ಕತೆಯ ಜೀವಿ ಚುರುಕಾಗಿ ಹಾರುತ್ತದೆ. ರೋಗಿಗೆ ಅಂಗಳ ದಾಟುವುದೇ ಕಷ್ಟ. ಹೊರಚಾಚಿದ ನಾಲಿಗೆ, ತಿರುಚಿದ ಮೈ ಎಂಬ ಎರಡು ಹೋಲಿಕೆಗಳ ಮೇಲೆ ನಿಂತ ಊಹೆ ಇದು. ಕಾಪಿಸ್‌ನ ಮೇಲೆ ಆಸ್ವಾಂಗ್‌ನ ಹೆಸರು ಇಷ್ಟು ಗಟ್ಟಿಯಾಗಿ ಕೂರಲು ರೋಗವೂ ಒಂದು ಕಾರಣವಾಗಿದ್ದೀತು. ಆಸ್ವಾಂಗ್ ಹುಟ್ಟಿದ್ದೇ ರೋಗದಿಂದ ಎನ್ನಲು ಆಧಾರ ಸಾಲದು. ಮೂಢನಂಬಿಕೆಯನ್ನು ಬಯಲಿಗೆಳೆದ ತೃಪ್ತಿ ಕೊಡುವುದರಿಂದ ಈ ಮಾತು ಸುಲಭವಾಗಿ ಮುಂದಕ್ಕೆ ಹೋಗುತ್ತದೆ, ಮತ್ತು ಹೋದಲ್ಲೆಲ್ಲ ಕಾಯಿಲೆ ಬಿದ್ದ ಒಬ್ಬ ಮೀನುಗಾರನ ಹೆಸರಿಗೆ ದೆವ್ವದ ಹೆಸರನ್ನು ಗಂಟು ಹಾಕುತ್ತದೆ. ಸಾಯುವ ಆಸ್ವಾಂಗ್ ತನ್ನೊಡಲಿನ ಕರಿಯ ಕೋಳಿಮರಿಯನ್ನು ಬಾಯಿಂದ ಬಾಯಿಗೆ ದಾಟಿಸಿ ವಂಶ ಮುಂದುವರಿಸುತ್ತದೆ ಎಂದು ಹೇಳುವ ಕತೆಗಳಿರುವ ಸಮಾಜದಲ್ಲಿ, ತಾಯಿಯಿಂದ ಮಗನಿಗೆ ಬರುವ ರೋಗಕ್ಕೆ ಈ ಗಂಟು ಎಷ್ಟು ನೋವು ತಂದೀತೆಂದು ಯೋಚಿಸಬೇಕು.

ತಂತ್ರಜ್ಞಾನ ಈ ಮನೆಗಳಿಗೆ ಬೇರೊಂದು ರೂಪದಲ್ಲೂ ತಲುಪಿದೆ. ಮೆದುಳಿನ ಆಳಕ್ಕೆ ತೆಳುವಾದ ತಂತಿಗಳನ್ನು ಇಳಿಸಿ, ಎದೆಯ ಚರ್ಮದ ಕೆಳಗೆ ಇಟ್ಟ ಬ್ಯಾಟರಿಯಿಂದ ಸಣ್ಣ ವಿದ್ಯುತ್ ಮಿಡಿತ ಕೊಡುವ ಶಸ್ತ್ರಚಿಕಿತ್ಸೆಯಿಂದ ಕೆಲವು ರೋಗಿಗಳ ಸೆಳೆತ ಎದ್ದುಕಾಣುವಷ್ಟು ತಗ್ಗಿದೆ. ಅದು ರೋಗವನ್ನು ವಾಸಿ ಮಾಡುವುದಿಲ್ಲ, ಅದರ ವೆಚ್ಚ ಬಡವರ ಕೈಗೆ ಎಟಕುವಂಥದ್ದೂ ಅಲ್ಲ.

ವೈದ್ಯರು ಬರುವ ಮುಂಚೆಯೇ ಪನಾಯ್‌ನ ಜನ ಈ ರೋಗದ ಲಕ್ಷಣಗಳಿಗೆ ಹೆಸರಿಟ್ಟಿದ್ದರು. ‘ಲುಬಾಗ್’ ತಿರುಚುವಿಕೆಗೆ, ‘ಸುಡ್‌ಸುಡ್’ ಕಾಲೆಳೆಯುವ ನಡಿಗೆಗೆ. ಎರಡನೆಯದು ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದನ್ನೇ ಅನುಕರಿಸುವ ಪದ. ಇಂಥ ಪದವನ್ನು ಕಟ್ಟಬಲ್ಲವರು ಆ ಸದ್ದನ್ನು ದಿನವೂ ಒಂದೇ ಸೂರಿನಡಿ ಕೇಳಿದವರು, ಅದು ಬಾಗಿಲ ಬಳಿ ಬರುತ್ತ ಜೋರಾದಾಗ ಎದ್ದು ಹೋಗಿ ತೋಳು ಹಿಡಿದವರು.