ವಾರದ ಪ್ಲಾನಿಂಗ್ ಎರಡೇ ತಿಂಗಳಿಗೆ ಯಾಕೆ ನಿಂತುಹೋಗುತ್ತದೆ?

ಪ್ರಶ್ನೆ: ನಮ್ಮ ಎಂಟು ಜನರ ತಂಡ ಪ್ರತಿ ಸೋಮವಾರ ಕೂತು ವಾರದ ಕೆಲಸ ಪ್ಲಾನ್ ಮಾಡಲು ಶುರುಮಾಡಿತು. ಮೊದಲ ತಿಂಗಳು ಎಲ್ಲರಿಗೂ ಹುರುಪು. ಈಗ ಅರ್ಧ ಜನ ಬರುವುದಿಲ್ಲ, ಬೋರ್ಡ್ ಮೇಲೆ ಮೂರು ವಾರದ ಹಿಂದಿನ ಚೀಟಿಗಳೇ ಇವೆ. ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಜನರಿಗೆ ಶಿಸ್ತಿಲ್ಲ ಎನ್ನುವ ಮೊದಲು ಇಷ್ಟು ನೋಡಿ: ಬುಧವಾರ ಹೊಸ ಕೆಲಸ ಬಂದರೆ ಅದು ಎಲ್ಲಿಗೆ ಹೋಗುತ್ತದೆ? ಮ್ಯಾನೇಜರ್ ಫೋನಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಒಬ್ಬರಿಗೆ ನೇರವಾಗಿ ಹೇಳಿ, ಅದು ಬೋರ್ಡಿಗೆ ಬಾರದಿದ್ದರೆ ಸೋಮವಾರದ ಪ್ಲಾನ್‌ಗೆ ಬೆಲೆ ಉಳಿಯಲಿಲ್ಲ. ಬೆಲೆಯಿಲ್ಲದ್ದಕ್ಕೆ ಯಾರೂ ಅರ್ಧ ಗಂಟೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಹಾಗಾಗಿ ಮೊದಲ ನಿಯಮ ಮ್ಯಾನೇಜರಿಗೇ. ಹೊಸ ಕೆಲಸ ಒಳಗೆ ಬರಬೇಕಾದರೆ ಬೋರ್ಡಿನ ಮುಂದೆ ನಿಂತು, ಯಾವ ಚೀಟಿ ಮುಂದಿನ ವಾರಕ್ಕೆ ಹೋಗಬೇಕೆಂದು ಅವರೇ ಹೇಳಬೇಕು. ಇದಕ್ಕೆ ಅವರು ಒಪ್ಪದಿದ್ದರೆ ಉಳಿದ ಯಾವ ಉಪಾಯವೂ ಹೆಚ್ಚು ದಿನ ನಡೆಯದು.

ಎರಡನೆಯದು, ವಾರವನ್ನು ಗಂಟಲವರೆಗೆ ತುಂಬಬೇಡಿ. ಒಬ್ಬರಿಗೆ ವಾರಕ್ಕೆ 40 ಗಂಟೆ ಇದೆ, ಮೀಟಿಂಗ್, ಮೇಲ್ ಎಲ್ಲ ಕಳೆದು 30 ಗಂಟೆ ಕೈಗೆ ಸಿಗುತ್ತದೆ ಎಂದುಕೊಳ್ಳಿ. ಪ್ಲಾನ್‌ಗೆ ಸುಮಾರು 20 ಗಂಟೆಯ ಕೆಲಸ ಮಾತ್ರ ಹಾಕಿ. ಉಳಿದದ್ದು ಹೇಳದೆ ಕೇಳದೆ ಬರುವ ಕೆಲಸಕ್ಕೆ. ಈ ಜಾಗ ಬಿಡದಿದ್ದರೆ ಪ್ರತಿ ಶುಕ್ರವಾರವೂ ಸೋಲಿನ ದಿನವಾಗುತ್ತದೆ. ನಾಲ್ಕು ಶುಕ್ರವಾರ ಸೋತವರು ಐದನೇ ಸೋಮವಾರ ಬರುವುದಿಲ್ಲ.

ಚೀಟಿ ಬರೆಯುವ ರೀತಿಯೂ ಮುಖ್ಯ. ‘ವರದಿ ಕೆಲಸ’ ಎಂದು ಬರೆದರೆ ಅದು ಮುಗಿಯಿತೋ ಇಲ್ಲವೋ ಯಾರಿಗೂ ಗೊತ್ತಾಗದು. ‘ವರದಿಯ ಮೊದಲ ಕರಡು ಗುರುವಾರ ಪರಿಶೀಲನೆಗೆ ಕಳುಹಿಸುವುದು’ ಎಂದಿರಲಿ, ಜೊತೆಗೆ ಒಬ್ಬರದೇ ಹೆಸರಿರಲಿ. ಇಬ್ಬರ ಹೆಸರಿದ್ದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಮೂರು ದಿನಕ್ಕಿಂತ ಹೆಚ್ಚು ಹಿಡಿಯುವ ಕೆಲಸವನ್ನು ಒಡೆಯಿರಿ.

ಶುಕ್ರವಾರ ಹತ್ತು ನಿಮಿಷ ಎಣಿಕೆ. ಕಟ್ಟಡ ನಿರ್ಮಾಣ ಕ್ಷೇತ್ರಕ್ಕಾಗಿ ಗ್ಲೆನ್ ಬ್ಯಾಲರ್ಡ್ ಮತ್ತು ಗ್ರೆಗ್ ಹೋವೆಲ್ ರೂಪಿಸಿದ ‘ಲಾಸ್ಟ್ ಪ್ಲಾನರ್’ ಪದ್ಧತಿಯಲ್ಲಿ ಇದೇ ಮುಖ್ಯ ಅಳತೆ: ಮಾಡುತ್ತೇವೆಂದು ಒಪ್ಪಿಕೊಂಡದ್ದರಲ್ಲಿ ಪೂರ್ತಿ ಮುಗಿದದ್ದು ಶೇಕಡಾ ಎಷ್ಟು? ಇಪ್ಪತ್ತರಲ್ಲಿ ಹದಿಮೂರು ಮುಗಿದರೆ 65. ‘ಮುಕ್ಕಾಲು ಆಗಿದೆ’ ಎಂಬುದಕ್ಕೆ ಸೊನ್ನೆ. ಮುಗಿಯದ ಏಳಕ್ಕೂ ಒಂದೊಂದು ಕಾರಣ ಬರೆಯಿರಿ: ಬೇರೆಯವರಿಂದ ಮಾಹಿತಿ ಬರಲಿಲ್ಲ, ಅಂದಾಜು ತಪ್ಪಿತು, ನಡುವೆ ತುರ್ತು ಕೆಲಸ ಬಂತು, ಅನುಮೋದನೆ ತಡವಾಯಿತು. ನಿಜವಾದ ಲಾಭ ಇರುವುದು ಈ ಪಟ್ಟಿಯಲ್ಲೇ. ಆರು ವಾರದಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಕಂಡರೆ ಅದೊಂದನ್ನು ಸರಿಪಡಿಸಿ. ಪ್ಲಾನಿಂಗ್‌ನಿಂದ ತಮ್ಮದೊಂದು ತೊಂದರೆ ತೀರಿತು ಎಂದು ಕಂಡ ಮೇಲೆ ಜನರನ್ನು ಕರೆಯುವ ಕಷ್ಟ ಕಡಿಮೆಯಾಗುತ್ತದೆ.

ಆ ಶೇಕಡಾವಾರನ್ನು ಮಾತ್ರ ಯಾರ ವಾರ್ಷಿಕ ಮೌಲ್ಯಮಾಪನಕ್ಕೂ ಸೇರಿಸಬೇಡಿ. ಸೇರಿಸಿದರೆ ಎಲ್ಲರೂ ಸುಲಭದ ಕೆಲಸವನ್ನೇ ಬರೆದುಕೊಳ್ಳುತ್ತಾರೆ, ಪ್ರತಿ ವಾರವೂ 100 ಬರುತ್ತದೆ. ಸತತ ನೂರು ಕಂಡರೆ ಸಂತೋಷಕ್ಕಿಂತ ಅನುಮಾನವೇ ಸರಿ.

ಸಭೆ ನಡೆಸುವ ಹೊಣೆ ಒಬ್ಬರ ಮೇಲೇ ಇದ್ದರೆ ಅವರು ರಜೆ ಹಾಕಿದ ವಾರ ಸರಪಳಿ ಕಡಿಯುತ್ತದೆ. ಎರಡು ವಾರಕ್ಕೊಮ್ಮೆ ಸರದಿ ಬದಲಿಸಿ. ಹಳೆಯ ಎಕ್ಸೆಲ್ ಪಟ್ಟಿ, ಸ್ಟೇಟಸ್ ಮೇಲ್ ಇನ್ನೂ ನಡೆಯುತ್ತಿದ್ದರೆ ನಿಲ್ಲಿಸಿ. ಒಂದೇ ವಿಷಯವನ್ನು ಎರಡು ಕಡೆ ಬರೆಯಬೇಕಾದಾಗ ಕೈಬಿಟ್ಟುಹೋಗುವುದು ಹೊಸದೇ.

ಎಷ್ಟು ದಿನ ಹೀಗೆ ಕಾಯಬೇಕು? 21 ದಿನಕ್ಕೆ ರೂಢಿಯಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದರಲ್ಲಿ ದಿನನಿತ್ಯದ ಸಣ್ಣ ಅಭ್ಯಾಸ ರೂಢಿಯಾಗಲು 18ರಿಂದ 254 ದಿನ ಬೇಕಾಗಬಹುದೆಂದು ಕಂಡುಬಂತು. ಅದು ಒಬ್ಬೊಬ್ಬರ ದಿನಚರಿಯ ಲೆಕ್ಕ. ವಾರಕ್ಕೊಮ್ಮೆ ನಡೆಯುವ ತಂಡದ ಕೆಲಸಕ್ಕೆ ಕನಿಷ್ಠ ಆರು ತಿಂಗಳು ಇಟ್ಟುಕೊಳ್ಳಿ. ನಡುವೆ ಒಂದು ವಾರ ತಪ್ಪಿದರೆ ಹಳೆಯ ಬಾಕಿ ಎಳೆದು ಕೂರಬೇಡಿ.

ನಿಮ್ಮ ಬೋರ್ಡಿಗೂ ಅದೇ ಮದ್ದು: ಮೂರು ವಾರದ ಚೀಟಿಗಳನ್ನೆಲ್ಲ ಕಿತ್ತು ಒಂದು ಕವರಿನಲ್ಲಿಡಿ. ಬರುವ ಸೋಮವಾರ ಪ್ರತಿಯೊಬ್ಬರೂ ಎರಡೇ ಹೊಸ ಚೀಟಿ ಬರೆಯಲಿ. ತಿಂಗಳವರೆಗೂ ಯಾರೂ ಕೇಳದ ಹಳೆಯ ಚೀಟಿಯನ್ನು ಹರಿದು ಹಾಕಿ.